ಫಲಕ ಮಹಾಶಯರ ಸನ್ನಿಧಾನಕ್ಕೆ

ಬೆಳಗಾವಿ ನಗರದಿಂದ ಖಾನಾಪುರದ ಘಟ್ಟದಂಚಿನವರೆಗೆ, ಗುಡ್ಡ, ಜಲಪಾತ, ಕೋಟೆ, ಬಾವಿಗಳ ಮಗ್ಗುಲಲ್ಲಿ ಬಿಸಿಲು ಮಳೆಯೆನ್ನದೆ ಸೇವೆ ಸಲ್ಲಿಸುತ್ತಿರುವ ಸನ್ಮಾನ್ಯ ಶ್ರೀ ಸೂಚನಾ ಫಲಕ ಮಹಾಶಯರಿಗೆ, ತಮ್ಮ ಕಾಯಂ ಓದುಗನೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರ ಕೇಳಲು ಮಾತ್ರ ಸಂಕೋಚವಾಗುತ್ತದೆ. ತಮ್ಮ ಎಡಗಾಲಿನ ಪೈಪಿಗೆ ತುಕ್ಕು ಹತ್ತಿ, ತಾವು ಕಣಿವೆಯ ಕಡೆಗೆ ವಾಲಿ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಎದೆಯ ಮೇಲೆ ಯಾರೋ ಪುಣ್ಯಾತ್ಮರು ಗುಟ್ಕಾ ಉಗುಳಿದ್ದಾರೆ. ಆದರೂ ‘ಉಗುಳಬೇಡಿ’ ಎಂಬ ಅಕ್ಷರಗಳು ಆ ಕೆಂಪಿನ ನಡುವೆಯೂ ಓದಿಸಿಕೊಳ್ಳುತ್ತವೆ. ಕರ್ತವ್ಯನಿಷ್ಠೆಯೆಂದರೆ ಇದು.

ಮೊದಲು ಉಪಕಾರ ಸ್ಮರಣೆ. ತಾವಿಲ್ಲದಿದ್ದರೆ ನಮ್ಮ ಸೀಮೆಯ ನಿಸರ್ಗದಲ್ಲಿ ಏನೇನು ಮಾಡಬಾರದೆಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಈಜಬಾರದು. ಸೆಲ್ಫಿ ತೆಗೆಯಬಾರದು. ಮದ್ಯ ಸೇವಿಸಬಾರದು. ಪ್ಲಾಸ್ಟಿಕ್ ಎಸೆಯಬಾರದು. ಬಂಡೆ ಹತ್ತಬಾರದು. ತಪ್ಪಿದರೆ ದಂಡ. ಇಡೀ ಪಟ್ಟಿಯಲ್ಲಿ ಬಂಡೆಯ ಪ್ರಸ್ತಾಪ ಬರುವುದು ಅದೊಂದೇ ಕಡೆ, ಅದೂ ಆರೋಪಿಯಾಗಿ. ಅದಕ್ಕೆ ಪಾಚಿ ಕಟ್ಟುತ್ತದೆ, ಕಾಲು ಜಾರುತ್ತದೆ, ಜನ ಬೀಳುತ್ತಾರೆ. ತಮ್ಮ ಲೆಕ್ಕದಲ್ಲಿ ಬಂಡೆಯೆಂದರೆ ಅಪಘಾತದ ಸ್ಥಳ. ಅದು ಎಂಥ ಬಂಡೆ, ಯಾವ ಕಾಲದ್ದು, ನೀರು ಅಲ್ಲೇ ಯಾಕೆ ಧುಮುಕುತ್ತದೆ ಎಂದು ತಾವು ಇದುವರೆಗೆ ಬಾಯಿ ಬಿಟ್ಟಿಲ್ಲ. ದೊಡ್ಡವರು ಹೆಚ್ಚು ಮಾತಾಡುವುದಿಲ್ಲ, ನಿಜ.

ತಮ್ಮ ಕಾಲ ಕೆಳಗೆ ಏನಿದೆಯೆಂದು ತಮಗೂ ಯಾರೂ ಹೇಳಿದಂತಿಲ್ಲ. ಅಪ್ಪಣೆಯಾದರೆ ನಾನೇ ಹೇಳುತ್ತೇನೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳ ಕೊನೆಗಾಲದಲ್ಲಿ, ಪಶ್ಚಿಮ ಭಾರತದ ನೆಲ ಬಿರಿದು ಲಾವಾ ಉಕ್ಕಿತು. ಒಂದು ಹರವು ಆರುವಷ್ಟರಲ್ಲಿ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹಾಗೆ ಹೆಪ್ಪುಗಟ್ಟಿದ ಕಪ್ಪು ಕಲ್ಲು ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಹಬ್ಬಿದೆ. ಮುಂಬೈ, ಪುಣೆ, ಸಾತಾರಾ, ಕೊಲ್ಲಾಪುರ ಎಲ್ಲ ಅದರ ಮೇಲೆಯೇ ಕೂತಿವೆ. ಅದರ ತೆಂಕಣ ಅಂಚು ನಮ್ಮ ಬೆಳಗಾವಿ. ಖಾನಾಪುರ ತಾಲೂಕು ದಾಟುವುದರೊಳಗೆ ಆ ಲಾವಾ ಮುಗಿದು, ಅದಕ್ಕಿಂತ ಎಷ್ಟೋ ಪಟ್ಟು ಹಳೆಯ ಕಲ್ಲುಗಳು ತಲೆಯೆತ್ತುತ್ತವೆ. ಪಕ್ಕದ ಧಾರವಾಡದ ಹೆಸರು ಹೊತ್ತ ಶಿಲಾವರ್ಗಕ್ಕೆ 250 ಕೋಟಿ ವರ್ಷ ದಾಟಿದೆ. ಧಾರವಾಡದವರು ನಮ್ಮೆದುರು ಹಿರಿತನ ತೋರಿಸುವುದುಂಟು. ಕಲ್ಲಿನ ಮಟ್ಟಿಗೆ ಅದಕ್ಕೆ ಆಧಾರವಿದೆ, ಉಳಿದ ವಿಷಯಗಳ ಮಾತು ಬೇರೆ. ಅಂತೂ ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಹತ್ತಿ ಲೋಂಡಾದಲ್ಲಿ ಇಳಿಯುವವನು ಒಂದೇ ಟಿಕೆಟಿನಲ್ಲಿ ನೂರಾರು ಕೋಟಿ ವರ್ಷ ದಾಟಿರುತ್ತಾನೆ. ಆ ದಾರಿಯುದ್ದಕ್ಕೂ ತಾವು ಅವನಿಗೆ ಹೇಳುವುದು ಇಷ್ಟು: ‘ನಿಧಾನವಾಗಿ ಚಲಿಸಿ, ಮುಂದೆ ತಿರುವಿದೆ.’

ರಸ್ತೆಯ ಮಾತು ಬಂತೆಂದು ಇನ್ನೊಂದು ಅರಿಕೆ. ಊರ ಹೊರಗೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ, ಹಸಿ ಗೋಡೆಯ ಮೇಲೆ ಕೆಲವು ತಿಂಗಳು ಒಂದು ಪ್ರದರ್ಶನ ನಡೆಯುತ್ತದೆ. ಟಿಕೆಟ್ ಇಲ್ಲ, ಉದ್ಘಾಟನೆ ಇಲ್ಲ. ಕಪ್ಪು ಕಲ್ಲು ಬಿರುಕಿನ ಗುಂಟ ನೀರು ಕುಡಿದು ಕುಡಿದು, ಮೂಲೆಗಳೆಲ್ಲ ಸವೆದು, ಗುಂಡಗಾಗಿ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರ ಬಿಡುತ್ತಿರುತ್ತದೆ. ಹೊರಗಿನ ಪದರವನ್ನು ಉಗುರಿನಲ್ಲಿ ಕೆರೆದರೆ ಹಳದಿ ಪುಡಿ ಉದುರುತ್ತದೆ. ಒಳಗೆ ಹೋದ ಹಾಗೆ ಕಂದು, ಆಮೇಲೆ ಬೂದು. ನಟ್ಟನಡುವೆ ಸುತ್ತಿಗೆಗೂ ಜಗ್ಗದ ಕರಿ ಗುಂಡು. ಕಲ್ಲು ಮಣ್ಣಾಗುವ ಇಡೀ ಕಥೆ ಒಂದು ಮೊಳದೊಳಗೆ. ಅದರ ಮುಂದೆ ತಾವು ನಿಂತಿರುತ್ತೀರಿ, ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು. ಒಂದರ್ಥದಲ್ಲಿ ಅದು ಸರಿಯೇ, 6 ಕೋಟಿ ವರ್ಷದಿಂದ ಪ್ರಗತಿಯಲ್ಲಿದೆ. ಆದರೆ ತಾವು ಹೇಳಿದ್ದು ಗುತ್ತಿಗೆದಾರರ ಕಾಮಗಾರಿ. ಅದು ಮುಗಿಯುವುದರೊಳಗೆ ಗೋಡೆಗೆ ಸಿಮೆಂಟು ಬಳಿದು, ಅದರ ಮೇಲೆ ಪರಿಸರ ಉಳಿಸಿ ಎಂದು ಚಿತ್ರ ಬರೆಸುತ್ತಾರೆ.

ಬೆಳಗಾವಿಯಲ್ಲಿ ಫಲಕವಾಗಿ ಹುಟ್ಟುವುದು ಸುಲಭದ ಮಾತಲ್ಲವೆಂದು ಬಲ್ಲೆ. ಬೇರೆ ಊರಿನ ತಮ್ಮ ಬಂಧುಗಳು ಬಿಸಿಲಿಗೆ ಮಾಸುತ್ತಾರೆ, ಇಲ್ಲಿ ತಾವು ಮಸಿಗೆ ಮಾಸುತ್ತೀರಿ. ಯಾವ ಭಾಷೆ ಮೇಲೆ, ಯಾವುದು ಕೆಳಗೆ, ಯಾವ ಅಕ್ಷರ ಎಷ್ಟು ದಪ್ಪ ಎಂದು ತಮ್ಮ ಮೈಮೇಲೆಯೇ ಎಲ್ಲರ ಕುಸ್ತಿ. ಯಳ್ಳೂರಿನ ಹೆಸರು 2014ರಲ್ಲಿ ರಾಜ್ಯಕ್ಕೆಲ್ಲ ಗೊತ್ತಾದದ್ದೇ ಗಡಿಯ ಜಗಳಕ್ಕೆ ಸಿಕ್ಕ ತಮ್ಮ ಕುಲದವರೊಬ್ಬರ ದೆಸೆಯಿಂದ. 2024ರಲ್ಲಿ ಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದು ಕಾಯ್ದೆಯ ತಿದ್ದುಪಡಿಯೂ ಆಯಿತು. ಬಹಳ ಸಂತೋಷ, ನಾನೂ ಕನ್ನಡದವನೇ, 60 ಯಾಕೆ, 90 ಇರಲಿ. ಆದರೆ ಆ 60ರಲ್ಲಿ ಏನು ಬರೆಯಬೇಕೆಂದು ಯಾರಾದರೂ ಜಗಳಾಡಿದ್ದನ್ನು ನಾನು ಕಾಣೆ. ಕಲ್ಲಿನ ಬಗ್ಗೆ ಕನ್ನಡದಲ್ಲಿ ಒಂದು ಸಾಲಿಲ್ಲ, ಮರಾಠಿಯಲ್ಲಿ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಗಡಿನಾಡಿನಲ್ಲಿ ಮೂರೂ ಭಾಷೆಗಳಿಗೆ ಸಮಾನ ನ್ಯಾಯ ಒದಗಿಸಿದ ಕೀರ್ತಿ ತಮ್ಮೊಬ್ಬರದೇ.

ಅದೇ ಯಳ್ಳೂರಿನ ಗುಡ್ಡದ ನೆತ್ತಿಯಲ್ಲಿ ರಾಜಹಂಸಗಡವಿದೆ. ಸಹ್ಯಾದ್ರಿಯ ಸೀಮೆಯಲ್ಲಿ ಕೋಟೆ ಕಟ್ಟಿದವರೆಲ್ಲ ಮೊದಲು ನೋಡಿದ್ದು ಕಲ್ಲನ್ನು. ಮೇಲೆ ಚಪ್ಪಟೆ ನೆತ್ತಿ, ಸುತ್ತ ಕಡಿದಾದ ಮೈ; ಅರ್ಧ ಕೋಟೆಯನ್ನು ಲಾವಾ ಮೊದಲೇ ಕಟ್ಟಿಟ್ಟಿತ್ತು, ಉಳಿದರ್ಧ ಕಟ್ಟಿದರಾಯಿತು. 2023ರ ಮಾರ್ಚಿನಲ್ಲಿ ಅಲ್ಲಿ ಶಿವಾಜಿ ಮಹಾರಾಜರ ಪ್ರತಿಮೆ ಒಂದೇ ವಾರದೊಳಗೆ ಎರಡು ಸಲ ಅನಾವರಣಗೊಂಡಿತು. ಎರಡು ಪಕ್ಷ, ಎರಡು ಸಮಾರಂಭ. ಮಹಾರಾಜರು ಎರಡನ್ನೂ ಸಹಿಸಿಕೊಂಡರು. ಅವರು ನಿಂತ ಗುಡ್ಡ ಮಾತ್ರ ಈವರೆಗೆ ಒಂದು ಸಲವೂ ಅನಾವರಣಗೊಂಡಿಲ್ಲ. ಯಾವ ಪಕ್ಷಕ್ಕೂ ಅದರ ಮೇಲೆ ಹಕ್ಕು ಸಾಧಿಸುವ ಉಮೇದು ಬಂದಂತಿಲ್ಲ.

ಈಗ ಜಂಬಿಟ್ಟಿಗೆ ಕಲ್ಲಿನ ವಿಚಾರ. ಸ್ವಲ್ಪ ಹೊತ್ತು ನಿಂತು ಕೇಳುವ ಕೃಪೆ ಮಾಡಬೇಕು, ತಮಗೆ ಹೇಗೂ ಕೂರುವ ಅಭ್ಯಾಸವಿಲ್ಲ. ಆ ಕಪ್ಪು ಲಾವಾದ ಮೇಲೆ ಲಕ್ಷಾಂತರ ವರ್ಷ ಮಳೆ ಸುರಿದು, ಬಿಸಿಲು ಕಾದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಮಾತ್ರ ಉಳಿದು ಗಟ್ಟಿಯಾದ ಕೆಂಪು ಟೋಪಿ ಅದು. ನೆಲದೊಳಗಿದ್ದಾಗ ಮೆತ್ತಗೆ, ಪಿಕಾಸಿಗೆ, ಈಗ ಯಂತ್ರದ ಗರಗಸಕ್ಕೆ, ಹೇಳಿದ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಗಾಳಿಗೆ ಬಂದ ಮೇಲೆ ಬಿರುಸಾಗುತ್ತದೆ. ಕಟ್ಟುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ತಪ್ಪಿಗೆ ಅದು ಅನುಭವಿಸುತ್ತಿದೆ. ಇದೇ ಬಗೆಯ ಕಲ್ಲನ್ನು ಮಲಬಾರಿನ ಅಂಗಾಡಿಪುರಂನಲ್ಲಿ ನೋಡಿ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿ ಹೆಸರಿಟ್ಟ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕೇರಳದ ಜಂಬಿಟ್ಟಿಗೆ ಸ್ಮಾರಕವಾಯಿತು, ನಮ್ಮದು ಕಾಂಪೌಂಡ್ ಗೋಡೆಯಾಯಿತು.

ನನ್ನ ಮನೆಯೂ ಅದೇ ಕಲ್ಲಿನದು, ಕಟ್ಟಬೇಡಿ ಎಂದು ಹೇಳುವವನು ನಾನಲ್ಲ. ಆದರೆ ಅದರ ಮೈತುಂಬ ಇರುವ ತೂತುಗಳಿಗೆ ಒಂದು ಕೆಲಸವಿದೆಯೆಂದು ತಾವಾದರೂ ನಾಲ್ಕು ಜನಕ್ಕೆ ಹೇಳಬಹುದಿತ್ತು. ಮಳೆ ಬಿದ್ದದ್ದನ್ನು ಆ ಕೆಂಪು ನೆತ್ತಿ ಒಳಗಿಳಿಸಿಕೊಂಡು, ಕೆಳಗಿನ ಸವೆದ ಕಲ್ಲಿಗೆ ದಾಟಿಸಿ, ಬೇಸಿಗೆಯಲ್ಲಿ ಬಾವಿಗೆ ಬಿಡುತ್ತದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ ಅಧ್ಯಕ್ಷರಾದದ್ದು ಬೆಳಗಾವಿಯ ಅಧಿವೇಶನದಲ್ಲಿ. ಸೇರುವ ಜನರಿಗೆ ನೀರು ಬೇಕೆಂದು ಟಿಳಕವಾಡಿಯಲ್ಲಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು, ಜನ ಕಾಂಗ್ರೆಸ್ ಬಾವಿ ಅಂದರು. ತೊಂಬತ್ತರ ದಶಕದ ಬರದಲ್ಲಿ ನಗರಕ್ಕೆ ಬುದ್ಧಿ ಬಂದು ಹಳೆಯ ಬಾವಿಗಳ ಹೂಳೆತ್ತಿಸಿದಾಗ ಕೈ ಹಿಡಿದದ್ದು ಇಂಥ ಬಾವಿಗಳೇ. ಅಧಿವೇಶನದ ಶತಮಾನೋತ್ಸವಕ್ಕೆ ಊರೆಲ್ಲ ದೀಪ ಹಾಕಿದರು, ಗಾಂಧೀಜಿಯ ಬಗ್ಗೆ ತಾವು ಬೇಕಾದಷ್ಟು ಬರೆಸಿಕೊಂಡಿರಿ. ಆ ಬಾವಿಗೆ ನೀರು ಕೊಟ್ಟ ಕಲ್ಲು ಯಾವುದೆಂದು ಬರೆಸಿಕೊಳ್ಳಲು ಜಾಗ ಸಾಲಲಿಲ್ಲವೇನೋ. ನೂತನ ಉದ್ಘಾಟಕರ ಹೆಸರುಗಳೂ ಇದ್ದವಲ್ಲ.

ಘಟ್ಟದಂಚಿನ ಬರಿಮೈ ಜಂಬಿಟ್ಟಿಗೆ ಹಾಸುಗಳದ್ದು ಇನ್ನೊಂದು ಕಥೆ. ಬೇಸಿಗೆಯಲ್ಲಿ ನೋಡಿದರೆ ಹಾಳುಬಿದ್ದ ಕ್ರಿಕೆಟ್ ಮೈದಾನ. ನಾಲ್ಕು ಮಳೆ ಬಿದ್ದವೋ, ಬೆರಳಗಲ ಮಣ್ಣಿನಲ್ಲಿ ಹೂವು ಹೊಮ್ಮುತ್ತದೆ. ಅದರ ನಡುವೆ ಅಂಟುಹನಿ ಹಚ್ಚಿಕೊಂಡು ಹುಳ ಹಿಡಿಯುವ ಡ್ರೊಸೆರಾ ಗಿಡ, ಒಂದು ರೂಪಾಯಿ ನಾಣ್ಯದಷ್ಟು. ಕಲ್ಲಿನಲ್ಲಿ ಸಾರವಿಲ್ಲದ್ದಕ್ಕೇ ಅದು ಮಾಂಸಾಹಾರಿಯಾಗಿದೆ. ಸಾತಾರಾದ ಕಾಸ್ ಪ್ರಸ್ಥಭೂಮಿಯಲ್ಲೂ ಇಂಥದೇ ಕಲ್ಲು, ಇಂಥವೇ ಹೂವು. ಅಲ್ಲಿ ದಿನಕ್ಕೆ ಇಷ್ಟೇ ಜನ ಎಂದು ಮಿತಿಯಿದೆ, ಮೊದಲೇ ಟಿಕೆಟ್ ಮಾಡಿಸಬೇಕು, ಗಾಡಿ ದೂರ ನಿಲ್ಲಿಸಬೇಕು. ನಮ್ಮವರು ಶನಿವಾರ ನಸುಕಿನಲ್ಲೆದ್ದು ಸಾತಾರಾಕ್ಕೆ ಹೋಗಿ, ಹಗ್ಗದ ಆಚೆ ಕಾಲಿಡದೆ ಶಿಸ್ತಿನಿಂದ ಫೋಟೋ ತೆಗೆದುಕೊಂಡು, ಭಾನುವಾರ ಚೋರ್ಲಾ ರಸ್ತೆಯಲ್ಲಿ ಬಂದು ನಮ್ಮ ಹಾಸಿನ ಮೇಲೆ ಜೀಪು ಹತ್ತಿಸಿ, ಟೈರಿನ ಕಲೆ ಬಿಟ್ಟು ಹೋಗುತ್ತಾರೆ. ತಾವು ರಸ್ತೆಯ ಆಚೆ ಬದಿಯಲ್ಲಿ ಎಲ್ಲವನ್ನೂ ನೋಡುತ್ತ, ‘ಪಶ್ಚಿಮ ಘಟ್ಟಕ್ಕೆ ಸ್ವಾಗತ’ ಎನ್ನುತ್ತಿರುತ್ತೀರಿ. ಆತಿಥ್ಯದಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ತಾವು ಬಾಯಿ ಬಿಟ್ಟು ಮಾತಾಡುವ ಸ್ಥಳ ಒಂದಿದೆ, ಅದನ್ನು ಹೇಳದಿದ್ದರೆ ತಮಗೆ ಅನ್ಯಾಯ ಮಾಡಿದಂತೆ. ಕಲ್ಲಿನ ಖಣಿಯ ಬಾಗಿಲಲ್ಲಿ ತಾವು ವಾಚಾಳಿ. ಖನಿಜದ ಹೆಸರು, ಸರ್ವೆ ನಂಬರು, ಎಷ್ಟು ಎಕರೆ ಎಷ್ಟು ಗುಂಟೆ, ಗುತ್ತಿಗೆ ಎಂದಿನಿಂದ ಎಂದಿನವರೆಗೆ, ಬಾರು ಹಾರಿಸುವ ಹೊತ್ತು ಯಾವುದು. ನಮ್ಮ ಜಿಲ್ಲೆಯಲ್ಲಿ ಒಂದು ಕಲ್ಲಿನ ಹೆಸರನ್ನು ತಾವು ಬಹಿರಂಗವಾಗಿ ಬರೆಯಬೇಕಾದರೆ ಅದು ಮೊದಲು ಖಡಿಯಾಗಲು ಒಪ್ಪಿಕೊಳ್ಳಬೇಕು. ಇರುವಷ್ಟು ದಿನ ಅನಾಮಿಕ, ಹೋಗುವ ಮುನ್ನ ನಾಮಕರಣ. ಖಣಿ ಮುಗಿದ ಮೇಲೆ ಉಳಿಯುವ ಗೋಡೆ ನಿಜಕ್ಕೂ ಒಳ್ಳೆಯ ಪಾಠಶಾಲೆ: ಲಾವಾದ ಹರವು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು, ಗಾಳಿಗುಳ್ಳೆ ಇದ್ದ ತೂತಿನಲ್ಲಿ ಬಿಳಿ ಹರಳು ಹೇಗೆ ಕೂತಿತು ಎಂಬುದೆಲ್ಲ ಕೈಗೆಟುಕುವ ಎತ್ತರದಲ್ಲಿ. ಒಂದು ಬೇಲಿ, ಒಂದು ಮೆಟ್ಟಿಲು, ಒಬ್ಬ ತಿಳಿದವನು ಇದ್ದರೆ ಸಾಕಿತ್ತು. ಈಗ ಅಲ್ಲಿಗೆ ಊರಿನ ಕಸದ ಟ್ರ್ಯಾಕ್ಟರು ಹೋಗುತ್ತದೆ. ಅಲ್ಲೂ ತಾವಿದ್ದೀರಿ: ‘ಇಲ್ಲಿ ಕಸ ಚೆಲ್ಲಬಾರದು.’ ಟ್ರ್ಯಾಕ್ಟರಿನವರಿಗೆ ವಿಳಾಸ ಹುಡುಕಲು ಇದರಿಂದ ಬಹಳ ಸಹಾಯವಾಗಿದೆ.

ಹಿಂದೊಮ್ಮೆ ನಾನು ತಮ್ಮ ಏಳಿಗೆಗಾಗಿ ಒಂದು ಕಚೇರಿಯ ಮೆಟ್ಟಿಲು ಹತ್ತಿದ್ದೆ. ಯಾವ ಕಚೇರಿಯೆಂದು ಹೇಳಿ ಅವರಿಗೆ ಮುಜುಗರ ಮಾಡುವುದಿಲ್ಲ. ನನ್ನ ಬೇಡಿಕೆ ಸಣ್ಣದು: ಜಲಪಾತದ ಫಲಕದಲ್ಲಿ ಕಲ್ಲಿನ ಬಗ್ಗೆ ಎರಡು ಸಾಲು ಸೇರಿಸಿರಿ. ಮೇಜಿನಾಚೆಯ ಸಾಹೇಬರು ಸಜ್ಜನರು, ಚಹಾ ತರಿಸಿದರು. ಆಮೇಲೆ ಕೇಳಿದರು: “ಕಲ್ಲಿಗ್ಯಾಕ ಬೋರ್ಡ್ರೀ? ಕಲ್ಲು ಕಣ್ಣಿಗೆ ಕಾಣಸ್ತೈತಲ್ಲ.” ನಾನು ವಯಸ್ಸು ಹೇಳಿದೆ. ಅವರು ಪಕ್ಕದವರ ಮುಖ ನೋಡಿ, “ಇದು ಪುರಾತತ್ವದವ್ರಿಗೆ ಹೋಗೂದು” ಅಂದರು. ಪುರಾತತ್ವದ ಕಡೆ ವಿಚಾರಿಸಿದರೆ, ಅದರ ಮೇಲೆ ಶಾಸನವೇನಾದರೂ ಇದೆಯೇ ಎಂಬ ಪ್ರಶ್ನೆ. ಇಲ್ಲವೆಂದೆ. ಹಾಗಾದರೆ ಅರಣ್ಯದವರದು. ಅರಣ್ಯದ ಕಡೆ, ಅಲ್ಲಿ ಮರವಿಲ್ಲ, ಬರೀ ಕಲ್ಲು ತಾನೇ, ಅದು ಗಣಿಯವರದು. ಗಣಿಯ ಕಡೆ ಮಾತ್ರ ಉತ್ಸಾಹದಿಂದ ಎದ್ದು ಕುರ್ಚಿ ಕೊಟ್ಟು, “ಎಷ್ಟು ಎಕರೆ ಅದರೀ?” ಎಂದರು. ನಾನು ಕೈಮುಗಿದು ಹಿಂದಿರುಗಿದೆ.

ಅವರನ್ನು ದೂರಿ ಪ್ರಯೋಜನವಿಲ್ಲ, ಕಾಯ್ದೆ ಇರುವುದೇ ಹಾಗೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ನೆರಳು ಸಿಗಬೇಕಾದರೆ ನೂರು ವರ್ಷ ಆಗಿರಬೇಕು, ಮನುಷ್ಯನ ಕೈ ಸೋಕಿರಬೇಕು. ಬೆಳಗಾವಿ ಕೋಟೆಯೊಳಗೆ ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ, ಹಲಸಿಯ ಭೂವರಾಹ ನರಸಿಂಹ ದೇವಾಲಯ ಈ ಪರೀಕ್ಷೆಯಲ್ಲಿ ಪಾಸು. 6 ಕೋಟಿ ವರ್ಷದ ಬಂಡೆ ಫೇಲು. ಯಾವ ರಾಜನೂ ಅದರ ಮೇಲೆ ಎರಡಕ್ಷರ ಕೊರೆಸಲಿಲ್ಲ. ಈಗ ಪ್ರೇಮಿಗಳು ಕೊರೆಯುತ್ತಿದ್ದಾರೆ, ಬಾಣ ಹೊಡೆದ ಹೃದಯದ ಸಮೇತ. ಇನ್ನು ನೂರು ವರ್ಷ ತಡೆದರೆ ಬಂಡೆ ಆ ಲೆಕ್ಕದಲ್ಲಾದರೂ ಅರ್ಹತೆ ಪಡೆದೀತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ಕರ್ನಾಟಕಕ್ಕೆ ಸಿಕ್ಕಿದ್ದು ನಾಲ್ಕು: ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬುಲಾವಾ, ಕೋಲಾರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ. ಬೆಳಗಾವಿಗೆ ಸೊನ್ನೆ. ಆ ಬಿರುದಿಗೂ ಹಿಂದೆ ಕಾಯ್ದೆಯ ಬಲವಿಲ್ಲ. ಭೂಪರಂಪರೆಯ ತಾಣಗಳನ್ನು ಕಾಪಾಡುವ ಮಸೂದೆಯ ಕರಡನ್ನು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಹೊರತಂದಿತು. ಅಕ್ಟೋಬರ್ 6 ಅಂತರರಾಷ್ಟ್ರೀಯ ಭೂವೈವಿಧ್ಯ ದಿನವೆಂದು ಯುನೆಸ್ಕೋ ಅದರ ಹಿಂದಿನ ವರ್ಷವೇ ಸಾರಿದೆ. ಅವತ್ತು ತಮಗೆ ಒಂದು ಮಾಲೆಯಾದರೂ ಹಾಕಬೇಕೆಂದಿದ್ದೆ. ನಾಲ್ಕು ದಿನದ ಹಿಂದಷ್ಟೇ ಗಾಂಧಿ ಜಯಂತಿಯ ಸ್ವಚ್ಛತಾ ಅಭಿಯಾನದ ಬ್ಯಾನರನ್ನು ತಮ್ಮ ಮುಖದ ಮೇಲೆಯೇ ಕಟ್ಟಿಹೋಗಿದ್ದರಿಂದ ತಾವು ಕಾಣಲಿಲ್ಲ.

ಇಲ್ಲಿ ಕಲ್ಲು ಓದಿದವರು ಇರಲಿಲ್ಲವೆಂದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯ ಮೇಲೆ 1876ರಲ್ಲಿ ಒಂದು ಇಡೀ ಸಂಪುಟ ಪ್ರಕಟಿಸಿದ. ಗೋಕಾಕದ ಹತ್ತಿರ ಸಿಕ್ಕ ಎಲುಬು, ಹಲ್ಲುಗಳನ್ನು ನೋಡಿ ಅವು ಘೇಂಡಾಮೃಗದವೆಂದು ಗುರುತಿಸಿ, ದಖ್ಖನಿನ ಹೆಸರಿನಲ್ಲೇ ಅದಕ್ಕೆ ನಾಮಕರಣ ಮಾಡಿ 1874ರಲ್ಲಿ ಬರೆದ. ಕರದಂಟಿನ ಊರಿನಲ್ಲಿ ಘೇಂಡಾಮೃಗ! ಈ ಸುದ್ದಿಗೆ 150 ವರ್ಷ ತುಂಬಿದೆ. ಅದನ್ನು ಜಲಪಾತಕ್ಕೆ ಬಂದ ಒಂದು ಶಾಲೆಯ ಮಕ್ಕಳಿಗೆ ಹೇಳಿ ನೋಡಿ, ಫೋನು ಕೆಳಗಿಡುತ್ತಾರೋ ಇಲ್ಲವೋ. ತಾವು ಹೇಳುವುದಿಲ್ಲ. ಒಬ್ಬ ಹುಡುಗ ತನ್ನ ಮಾಸ್ತರರನ್ನು ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ: “ಸರ್, ಈ ಕಲ್ಲಿನ್ಯಾಗ ಇಷ್ಟ್ ತೂತ ಯಾಕದಾವ್ರೀ?” ಮಾಸ್ತರರು ತಮ್ಮ ಕಡೆ ಕೈತೋರಿಸಿ, “ಅಲ್ಲಿ ಬರದಾರ ನೋಡು, ಓದ್ಕೋ” ಅಂದರು. ಹುಡುಗ ವಿಧೇಯ, ಹತ್ತಿರ ಬಂದು ಗಟ್ಟಿಯಾಗಿ ಓದಿದ: ‘ಉಲ್ಲಂಘಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.’

ನದಿಗಳ ವಿಷಯದಲ್ಲೂ ತಮ್ಮದು ಇದೇ ಮೌನ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹದಾಯಿ ವಜ್ರಪೋಹದಲ್ಲಿ ಧುಮುಕಿ, ಪಡುವಣಕ್ಕೆ ಹೊರಳಿ, ಗೋವೆಯಲ್ಲಿ ಮಾಂಡೋವಿಯಾಗುತ್ತಾಳೆ. ಒಂದೇ ಮಳೆಯ ನೀರಿಗೆ ನೀನು ಆಚೆ, ನೀನು ಈಚೆ ಎಂದು ಹೇಳುವುದು ಒಂದು ಕಲ್ಲಿನ ದಿಣ್ಣೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದದ್ದು ನಮ್ಮಲ್ಲಿ ಚಹಾದಂಗಡಿಯ ಹುಡುಗನಿಗೂ ಬಾಯಿಪಾಠ. ಆ ದಿಣ್ಣೆ ಎಲ್ಲಿದೆಯೆಂದು ಕೇಳಿದರೆ ಹೋರಾಟಗಾರರೂ ತಮ್ಮ ಮುಖ ನೋಡುತ್ತಾರೆ. ತಾವು ‘ಗೋವಾ ಗಡಿ, ಅಬಕಾರಿ ತಪಾಸಣೆ’ ಎಂದು ಮುಖ ತಿರುಗಿಸುತ್ತೀರಿ.

ಒಂದು ಕಡೆ ಮಾತ್ರ ನಾನು ವ್ಯಂಗ್ಯ ಬಿಟ್ಟು ತಮಗೆ ತಲೆಬಾಗುತ್ತೇನೆ. ಭೀಮಗಡದ ಕಾಡು 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಅದರೊಳಗಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಹೆಸರಿನ, ಬಾಲ ಬಿಡಿಯಾಗಿ ಚಾಚಿದ ದೊಡ್ಡ ಕಿವಿಯ ಬಾವಲಿಗಳಿವೆ. ವಿಜ್ಞಾನ ಅವನ್ನು ಗುರುತಿಸಿದ್ದು 1913ರಲ್ಲಿ, ಆ ಗುಹೆಯಿಂದ ತಂದ ಬಾವಲಿಗಳಿಂದಲೇ. ಬಹಳ ಕಾಲ ಜಗತ್ತಿನಲ್ಲಿ ಅವುಗಳ ವಿಳಾಸ ಅದೊಂದೇ ಎಂದು ನಂಬಿದ್ದರು. ಕಲ್ಲಿನಲ್ಲಿ ಒಂದು ಪೊಟರೆ ಆದದ್ದರಿಂದ ಒಂದು ಜೀವಜಾತಿಗೆ ನೆಲೆ ಸಿಕ್ಕಿದೆ. ಅಲ್ಲಿ ‘ಪ್ರವೇಶವಿಲ್ಲ’ ಎಂದು ತಾವು ನಿಂತಿದ್ದರೆ ದಯವಿಟ್ಟು ಕದಲಬೇಡಿ, ಟಾರ್ಚು ಹಿಡಿದು ರೀಲು ಮಾಡಲು ಬರುವವರ ಎದುರು ವಾಲಲೂಬೇಡಿ. ಎಲ್ಲ ಜಾಗವೂ ಎಲ್ಲರಿಗೂ ತೋರಿಸತಕ್ಕದ್ದಲ್ಲ. ಭೂಪರಂಪರೆಯ ಪ್ರವಾಸೋದ್ಯಮವೆಂದರೆ ಎಲ್ಲ ಗುಹೆಗೂ ಬಣ್ಣದ ಲೈಟು ಹಾಕುವುದಲ್ಲವೆಂದು ಯೋಜನೆ ಬರೆಯುವವರಿಗೂ ತಾವೇ ಹೇಳಬೇಕು. ನಮ್ಮ ಮಾತು ಅವರ ಕಿವಿಗೆ ಬೀಳುವುದಿಲ್ಲ.

ತೋರಿಸಬಹುದಾದ ಜಾಗಗಳಿಗೆ ಕೊರತೆಯಿಲ್ಲ. ಖಾನಾಪುರದ ಕುಂಬಾರಿಕೆ ತರಬೇತಿ ಕೇಂದ್ರದ ಹೆಸರು ದೇಶದ ಕುಂಬಾರರಿಗೆ ಗೊತ್ತು. ಕಲ್ಲು ಮಣ್ಣಾಗಿ, ಮಣ್ಣು ಮಡಕೆಯಾಗುವ ದಾರಿಯನ್ನು ಮಕ್ಕಳಿಗೆ ಅರ್ಧ ದಿನದಲ್ಲಿ ನಡೆಸಿ ತೋರಿಸಬಹುದು. ಊರಿನ ನಾಲ್ಕು ಹುಡುಗರಿಗೆ ಕಲಿಸಿದರೆ ಅವರೇ ಮಾರ್ಗದರ್ಶಿಗಳಾಗಿ, ಪ್ರವಾಸಿಗಳ ದುಡ್ಡು ಪಾರ್ಕಿಂಗ್ ಗುತ್ತಿಗೆದಾರರ ಕಿಸೆ ದಾಟಿ ಜಾಂಬೋಟಿಯ ಖಾನಾವಳಿಗೂ ಬಂದೀತು. ಹಾಗೆ ಒಮ್ಮೆ ಆಯಿತೆಂದರೆ ಗುಡ್ಡಕ್ಕೆ ಜೆಸಿಬಿ ಬಂದಾಗ ಊರೇ ಅಡ್ಡ ನಿಲ್ಲುತ್ತದೆ. ಈಗ ಜೆಸಿಬಿಯ ಬಾಡಿಗೆಯೊಂದೇ ಊರಿಗೆ ಆ ಗುಡ್ಡದಿಂದ ಬರುವ ಆದಾಯ.

ಇನ್ನು ನನ್ನ ದೀನ ಕೋರಿಕೆ. ತಮ್ಮ ಮುಂಭಾಗವನ್ನು ಮುಟ್ಟುವ ಉದ್ಧಟತನ ನನಗಿಲ್ಲ. ಅಲ್ಲಿ ಸಚಿವರು, ಶಾಸಕರು, ಅಂದಾಜು ಮೊತ್ತ, ದಂಡದ ದರ ಎಲ್ಲ ಶಾಶ್ವತವಾಗಿರಲಿ. ಆದರೆ ತಮ್ಮ ಬೆನ್ನು ಪೂರ್ತಿ ಖಾಲಿ ಬಿದ್ದಿದೆ. ಬರೀ ತಗಡು, ನಾಲ್ಕು ನಟ್ಟು, ಒಂದು ಜೇನುಹುಳದ ಗೂಡು. ಅಪ್ಪಣೆ ಕೊಟ್ಟರೆ ಅಲ್ಲಿ ಹೀಗೆ ಬರೆಸಬಹುದೆಂದು ಒಂದು ಕರಡು ಲಗತ್ತಿಸಿದ್ದೇನೆ:

‘ನೀವು ನಿಂತಿರುವುದು ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ಹರಿದ ಲಾವಾದ ಮೇಲೆ. ಮೇಲಿನ ಕೆಂಪು ಕಲ್ಲು ಅದೇ ಲಾವಾ ಮಳೆಗೆ ಸವೆದು ಆದದ್ದು. ನಿಮ್ಮ ಬಾವಿಯ ನೀರು ಇದರೊಳಗಿಂದ ಬರುತ್ತದೆ. ಮುಟ್ಟಿ ನೋಡಿರಿ.’

ಕೊನೆಯ ಎರಡು ಪದಗಳಿಗೆ ಆಕ್ಷೇಪಣೆ ಬರಬಹುದೆಂದು ಊಹಿಸಿದ್ದೇನೆ. ತಮ್ಮ ವಂಶದ ಇತಿಹಾಸದಲ್ಲಿ ಏನನ್ನಾದರೂ ಮುಟ್ಟಿರಿ ಎಂದು ಹೇಳಿದ ಉದಾಹರಣೆ ಇಲ್ಲ. ಆದರೂ ವಿಶೇಷ ಪ್ರಕರಣವೆಂದು ಪರಿಗಣಿಸಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಮೂರೂ ಭಾಷೆ ಓದಬಲ್ಲ ಒಬ್ಬ ಬೆಳಗಾವಿಯವ

ವಿ.ಸೂ.: ಬಣ್ಣ, ಕುಂಚ, ಬರೆಯುವವನ ಕೂಲಿ ನನ್ನದು. ಜೇನುಗೂಡಿನ ಭಾಗ ಬಿಟ್ಟು ಬರೆಸುತ್ತೇನೆ. ಏಣಿಯನ್ನು ಮಾತ್ರ ಇಲಾಖೆಯಿಂದ ಕೊಡಿಸಬೇಕು; ಯಾವ ಇಲಾಖೆಯಿಂದ ಎಂಬುದನ್ನು ಅವರವರಲ್ಲೇ ತೀರ್ಮಾನಿಸಿ, ಮಳೆಗಾಲದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.